ಆಸ್ಥಾನ ವಿದೂಷಕ (ಕನ್ನಡ ರಂಗಭೂಮಿ)

ಆಸ್ಥಾನ ವಿದೂಷಕ ಎಂಬುದು ರಾಜನ ಸಮೀಪವರ್ತಿಯಾಗಿದ್ದು, ನಗೆಯ ಮೂಲಕ ಅವನನ್ನು ರಂಜಿಸುವ, ಪ್ರಶ್ನಿಸುವ ಮತ್ತು ಕೆಲವೊಮ್ಮೆ ತಿದ್ದುವ ನಾಟಕಪಾತ್ರ. ಸಂಸ್ಕೃತ ನಾಟಕಗಳ ವಿದೂಷಕ, ಉತ್ತರ ಕರ್ನಾಟಕದ ದೊಡ್ಡಾಟದ ಸಾರಥಿ, ಮೂಡಲಪಾಯದ ಹನುಮನಾಯಕ, ಕರಾವಳಿ ಯಕ್ಷಗಾನದ ಹಾಸ್ಯಗಾರ, ಚಲನಚಿತ್ರ ಮತ್ತು ಕಿರುತೆರೆಯ ತೆನಾಲಿ ರಾಮಕೃಷ್ಣ ಇವು ಕನ್ನಡ ಪ್ರೇಕ್ಷಕರಿಗೆ ಪರಿಚಿತವಾದ ಈ ಪಾತ್ರದ ಬೇರೆ ಬೇರೆ ರೂಪಗಳು. ಇವುಗಳ ವೇಷ, ಭಾಷೆ ಮತ್ತು ಕಾಲ ಬೇರೆಯಾದರೂ ಎರಡು ಲಕ್ಷಣಗಳು ಸಮಾನವಾಗಿವೆ. ಒಂದು, ಉಳಿದವರು ಆಡಲಾಗದ ಮಾತನ್ನು ಒಡೆಯನ ಎದುರಿನಲ್ಲಿ ಆಡುವ ಸಲಿಗೆ. ಇನ್ನೊಂದು, ಅರಮನೆಯ ಭಾಷೆಗೂ ಜನಸಾಮಾನ್ಯರ ಭಾಷೆಗೂ ನಡುವೆ ನಿಂತು ಕಥೆಯನ್ನು ಪ್ರೇಕ್ಷಕರಿಗೆ ದಾಟಿಸುವ ಹೊಣೆ.

ಪದದ ಅರ್ಥ

'ವಿದೂಷಕ' ಎಂಬುದು ಸಂಸ್ಕೃತದ 'ದೂಷ್' ಧಾತುವಿನಿಂದ ಬಂದ ಶಬ್ದ. ಕೆಡಿಸುವವನು, ತಪ್ಪು ಎಣಿಸುವವನು, ಗೇಲಿ ಮಾಡುವವನು ಎಂಬ ಅರ್ಥಗಳು ಅದಕ್ಕಿವೆ. ನಗಿಸುವವನು ಎಂಬ ಅರ್ಥ ಬಳಕೆಯಿಂದ ಬಂದದ್ದು. ಹೀಗಾಗಿ ದೋಷವನ್ನು ಎತ್ತಿ ತೋರಿಸುವ ಕೆಲಸ ಈ ಪಾತ್ರದ ಹೆಸರಿನಲ್ಲಿಯೇ ಅಡಗಿದೆ. ಕನ್ನಡದಲ್ಲಿ ಕೋಡಂಗಿ, ಕೋಣಂಗಿ, ಹಾಸ್ಯಗಾರ, ನಕಲಿ, ವಿಕಟಕವಿ ಎಂಬ ಶಬ್ದಗಳು ಇದಕ್ಕೆ ಹತ್ತಿರದ ಅರ್ಥದಲ್ಲಿ ಬಳಕೆಯಲ್ಲಿವೆ. ಇವುಗಳಲ್ಲಿ 'ವಿಕಟಕವಿ' ಎಂಬುದು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ಉಳಿಯುವ ಶಬ್ದವಾಗಿದೆ.

ನಾಟ್ಯಶಾಸ್ತ್ರದಲ್ಲಿ ವಿದೂಷಕ

ಭರತನ ನಾಟ್ಯಶಾಸ್ತ್ರವು ವಿದೂಷಕನ ರೂಪವನ್ನು ವಿವರವಾಗಿ ಹೇಳುತ್ತದೆ. ಅವನು ಕುಳ್ಳನಾದ, ಬೋಳುತಲೆಯ, ಹೊರಚಾಚಿದ ಹಲ್ಲುಗಳ, ವಿಕಾರ ಮುಖದ ಬ್ರಾಹ್ಮಣ. ಅವನ ಕೈಯಲ್ಲಿ ಕುಟಿಲಕ ಎಂಬ ಡೊಂಕು ಕೋಲಿರುತ್ತದೆ. ಮೊದಲ ನಾಟ್ಯಪ್ರಯೋಗದ ಸಂದರ್ಭದಲ್ಲಿ ದೇವತೆಗಳು ನಟರಿಗೆ ಕಾಣಿಕೆಗಳನ್ನು ನೀಡಿದಾಗ ಬ್ರಹ್ಮನು ಈ ಕುಟಿಲಕವನ್ನು ಕೊಟ್ಟನೆಂದು ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಹೇಳಿದೆ. ಅಲ್ಲಿಯೇ ರಂಗದ ಪಾತ್ರಗಳಿಗೆ ರಕ್ಷಕ ದೇವತೆಗಳನ್ನು ಗೊತ್ತುಮಾಡಲಾಗಿದೆ. ನಾಯಕನನ್ನು ಇಂದ್ರನೂ ನಾಯಿಕೆಯನ್ನು ಸರಸ್ವತಿಯೂ ಕಾಯುತ್ತಾರೆ. ವಿದೂಷಕನನ್ನು ಕಾಯುವುದು ಓಂಕಾರ. ನೋಡುವವರ ನಗೆಗೆ ಈಡಾಗುವ ಪಾತ್ರಕ್ಕೆ ಇಷ್ಟು ಉನ್ನತವಾದ ರಕ್ಷೆಯನ್ನು ನೀಡಿರುವುದು ರಂಗದಲ್ಲಿ ಅವನ ಸ್ಥಾನ ಎಷ್ಟು ಮುಖ್ಯವಾಗಿತ್ತೆಂಬುದನ್ನು ಸೂಚಿಸುತ್ತದೆ.

ನಾಟಕ ಆರಂಭವಾಗುವ ಮುನ್ನ ನಡೆಯುವ ಪೂರ್ವರಂಗದಲ್ಲಿಯೂ ವಿದೂಷಕನಿಗೆ ಪಾತ್ರವಿದೆ. ಸೂತ್ರಧಾರ, ಅವನ ಸಹಾಯಕನಾದ ಪಾರಿಪಾರ್ಶ್ವಿಕ ಮತ್ತು ವಿದೂಷಕ ಈ ಮೂವರ ನಡುವಿನ ಸಂಭಾಷಣೆಗೆ 'ತ್ರಿಗತ' ಎಂದು ಹೆಸರು. ವಿದೂಷಕನ ಅಸಂಬದ್ಧ ಮಾತುಗಳು ಇದರಲ್ಲಿ ನಗೆಯನ್ನು ಹುಟ್ಟಿಸುತ್ತವೆ.

ಭಾಷೆಯ ವಿಷಯದಲ್ಲಿ ವಿದೂಷಕನ ಸ್ಥಿತಿ ವಿಶಿಷ್ಟವಾದದ್ದು. ಸಂಸ್ಕೃತ ನಾಟಕಗಳಲ್ಲಿ ರಾಜ, ಮಂತ್ರಿ, ಋಷಿ ಮೊದಲಾದವರು ಸಂಸ್ಕೃತದಲ್ಲಿ ಮಾತನಾಡಿದರೆ, ಬ್ರಾಹ್ಮಣನಾದರೂ ವಿದೂಷಕನು ಮಾತನಾಡುವುದು ಪ್ರಾಕೃತದಲ್ಲಿ. ರಾಜನನ್ನು 'ವಯಸ್ಯ', ಅಂದರೆ ಗೆಳೆಯ ಎಂದು ಕರೆಯುವ ಹಕ್ಕು ಅವನಿಗಿದೆ. ಕೇರಳದ ಕೂಡಿಯಾಟ್ಟಂ ಪರಂಪರೆಯಲ್ಲಿ ಈ ಲಕ್ಷಣ ಮತ್ತಷ್ಟು ಬೆಳೆದಿದೆ. ಅಲ್ಲಿನ ವಿದೂಷಕನು ಮಲಯಾಳದಲ್ಲಿ ಮಾತನಾಡುತ್ತ ನಾಯಕನ ಶ್ಲೋಕಗಳನ್ನು ನೆರೆದವರಿಗೆ ವಿವರಿಸುತ್ತಾನೆ ಮತ್ತು ಅವುಗಳ ಅಣಕವನ್ನೂ ಮಾಡುತ್ತಾನೆ.

ಸಂಸ್ಕೃತ ನಾಟಕಗಳಲ್ಲಿ

ಭಾಸ ಮತ್ತು ಹರ್ಷರ ನಾಟಕಗಳಲ್ಲಿ ಉದಯನ ರಾಜನ ಗೆಳೆಯನಾದ ವಸಂತಕ, ಕಾಳಿದಾಸನ ಮಾಲವಿಕಾಗ್ನಿಮಿತ್ರದ ಗೌತಮ, ವಿಕ್ರಮೋರ್ವಶೀಯದ ಮಾಣವಕ ಮತ್ತು ಅಭಿಜ್ಞಾನ ಶಾಕುಂತಲದ ಮಾಧವ್ಯ ಇವರು ಪ್ರಸಿದ್ಧ ವಿದೂಷಕರು. ಶೂದ್ರಕನ ಮೃಚ್ಛಕಟಿಕದ ಮೈತ್ರೇಯನು ರಾಜನ ಬದಲು ಬಡತನಕ್ಕಿಳಿದ ಚಾರುದತ್ತನ ಜೊತೆಗಾರ. ಎಲ್ಲ ನಾಟಕಕಾರರೂ ಈ ಪಾತ್ರವನ್ನು ಬಳಸಿಲ್ಲ. ಭವಭೂತಿಯ ಮೂರು ನಾಟಕಗಳಲ್ಲಿಯೂ ವಿಶಾಖದತ್ತನ ಮುದ್ರಾರಾಕ್ಷಸದಲ್ಲಿಯೂ ವಿದೂಷಕನಿಲ್ಲ.

ವಿದೂಷಕನು ಕೇವಲ ನಗೆಗಾಗಿ ಸೇರಿಸಿದ ಪಾತ್ರವಲ್ಲ ಎಂಬುದಕ್ಕೆ ಶಾಕುಂತಲದ ಮಾಧವ್ಯನು ಒಳ್ಳೆಯ ಉದಾಹರಣೆ. ಎರಡನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯ ಮೇಲಿನ ತನ್ನ ಒಲವನ್ನು ಅವನ ಬಳಿ ತೋಡಿಕೊಳ್ಳುತ್ತಾನೆ. ಬಳಿಕ ತಾಯಿಯ ಕರೆಗೆ ಓಗೊಟ್ಟು ತನ್ನ ಬದಲಾಗಿ ಮಾಧವ್ಯನನ್ನು ರಾಜಧಾನಿಗೆ ಕಳುಹಿಸಬೇಕಾಗುತ್ತದೆ. ಅವನು ಅಂತಃಪುರದಲ್ಲಿ ಗುಟ್ಟನ್ನು ಬಿಟ್ಟುಕೊಟ್ಟಾನೆಂಬ ಅಂಜಿಕೆಯಿಂದ, ತಾನು ಆಡಿದ್ದೆಲ್ಲ ಪರಿಹಾಸ್ಯವೆಂದು ರಾಜನು ಹೇಳಿಬಿಡುತ್ತಾನೆ. ಐದನೆಯ ಅಂಕದಲ್ಲಿ ಗರ್ಭಿಣಿಯಾದ ಶಕುಂತಲೆ ಆಸ್ಥಾನಕ್ಕೆ ಬರುವ ಮೊದಲೇ ಮಾಧವ್ಯನು ಹಂಸಪದಿಕೆಯನ್ನು ಸಮಾಧಾನಪಡಿಸಲು ಹೊರಟುಹೋಗಿರುತ್ತಾನೆ. ಶಾಪದಿಂದ ಮರೆವಿಗೆ ಒಳಗಾದ ರಾಜನಿಗೆ ನೆನಪಿಸಬಲ್ಲವನಾಗಿದ್ದ ಒಬ್ಬನೇ ಒಬ್ಬ ಆಸ್ಥಾನಿಕನು ಆ ಹೊತ್ತಿನಲ್ಲಿ ಅಲ್ಲಿಲ್ಲ. ಆರನೆಯ ಅಂಕದಲ್ಲಿ ಪಶ್ಚಾತ್ತಾಪಪಡುವ ದುಷ್ಯಂತನು, ನೀನಾದರೂ ಏಕೆ ನೆನಪಿಸಲಿಲ್ಲವೆಂದು ಕೇಳಿದಾಗ, ಅದು ಪರಿಹಾಸ್ಯವೆಂದು ತಾವೇ ಹೇಳಿದ್ದನ್ನು ತಾನು ನಂಬಿದೆನೆಂದು ಮಾಧವ್ಯನು ಉತ್ತರಿಸುತ್ತಾನೆ. ರಾಜನು ನಿಜವನ್ನು ನಗೆಯೆಂದು ತಳ್ಳಿಹಾಕಿದ್ದರಿಂದ ನಿಜಕ್ಕೆ ಸಾಕ್ಷಿಯೇ ಇಲ್ಲದಾಯಿತು ಎಂಬ ವ್ಯಂಗ್ಯ ಈ ಸಂವಿಧಾನದಲ್ಲಿದೆ.

ಹಳಗನ್ನಡ ಕಾವ್ಯದಲ್ಲಿ

ಹಳಗನ್ನಡದಲ್ಲಿ ನಾಟಕಕೃತಿಗಳು ಉಳಿದುಬಂದಿಲ್ಲವಾದರೂ ವಿದೂಷಕನ ಪಾತ್ರ ಕಾವ್ಯದಲ್ಲಿ ಕಾಣಿಸಿಕೊಂಡಿದೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ರನ್ನನು ಸುಮಾರು 1000ದ ಹೊತ್ತಿಗೆ ರಚಿಸಿದ 'ಸಾಹಸಭೀಮ ವಿಜಯ' ಅಥವಾ 'ಗದಾಯುದ್ಧ' ಎಂಬ ಚಂಪೂಕಾವ್ಯದಲ್ಲಿ ವಿದೂಷಕ ಮತ್ತು ಕಂಚುಕಿಯ ಪಾತ್ರಗಳಿವೆ. ನಾಟಕಕ್ಕೆ ಸಹಜವಾದ ಈ ಪಾತ್ರಗಳು ಮತ್ತು ಸಂಭಾಷಣೆಯ ಬಿರುಸನ್ನು ಗಮನಿಸಿದ ವಿದ್ವಾಂಸರು ಈ ಕಾವ್ಯದ ನಾಟಕೀಯತೆಯನ್ನು ಚರ್ಚಿಸಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಪದ್ಯಗಳನ್ನೇ ಆಧರಿಸಿ 'ಗದಾಯುದ್ಧ ನಾಟಕಂ' ಎಂಬ ರಂಗಕೃತಿಯನ್ನು ಸಿದ್ಧಪಡಿಸಿದರು.

ಉಪಲಬ್ಧವಾದ ಮೊದಲ ಕನ್ನಡ ನಾಟಕವೆಂದು ಹೆಸರಾದ 'ಮಿತ್ರವಿಂದಾ ಗೋವಿಂದ'ವು ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಸಿಂಗರಾರ್ಯನಿಂದ ರಚಿತವಾಯಿತು. ಇದಕ್ಕೆ ಮೂಲವಾದದ್ದು ವಿದೂಷಕ ವಸಂತಕನಿರುವ ಹರ್ಷನ 'ರತ್ನಾವಳಿ'.

ಹೊಸಗನ್ನಡ ನಾಟಕದಲ್ಲಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಸ್ಕೃತ ನಾಟಕಗಳ ಅನುವಾದಗಳ ಮೂಲಕ ವಿದೂಷಕನು ಕನ್ನಡ ರಂಗಕ್ಕೆ ಮರಳಿದನು. ಚುರಮುರಿ ಶೇಷಗಿರಿರಾಯರು 1870ರ ಸುಮಾರಿಗೆ ಶಾಕುಂತಲವನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದ ಆಡುಮಾತನ್ನೂ ಹಾಡುಗಳನ್ನೂ ಬಳಸಿಕೊಂಡದ್ದು ಅವರ ಕೃತಿಯ ಹೆಚ್ಚುಗಾರಿಕೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದ ಬಸವಪ್ಪಶಾಸ್ತ್ರಿಗಳು ಅದೇ ನಾಟಕವನ್ನು ಪ್ರೌಢ ಶೈಲಿಯಲ್ಲಿ ಅನುವಾದಿಸಿ 'ಅಭಿನವ ಕಾಳಿದಾಸ' ಎಂಬ ಬಿರುದನ್ನು ಪಡೆದರು. ಒಂದೇ ನಾಟಕದ ಈ ಎರಡು ಅನುವಾದಗಳಲ್ಲಿ ಒಂದು ಊರಿನ ಮಾತಿಗೂ ಇನ್ನೊಂದು ಅರಮನೆಯ ಮಾತಿಗೂ ಹತ್ತಿರವಾಗಿದೆ.

ಇದೇ ಕಾಲದಲ್ಲಿ ಮರಾಠಿ ನಾಟಕ ಕಂಪನಿಗಳು ಉತ್ತರ ಕರ್ನಾಟಕದಲ್ಲಿ ಸಂಚರಿಸುತ್ತಿದ್ದವು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಪ್ರದರ್ಶಿಸಿದ 'ಸೀತಾಸ್ವಯಂವರ'ವು ಆಧುನಿಕ ಮರಾಠಿ ರಂಗಭೂಮಿಯ ಆರಂಭವೆಂದು ಗಣಿತವಾಗಿದೆ. ಉತ್ತರ ಕನ್ನಡದ ಭಾಗವತರ ಆಟವೇ ಅದಕ್ಕೆ ಪ್ರೇರಣೆಯಾಗಿತ್ತು. ಆ ಮಾದರಿಯ ನಾಟಕಗಳು ಸೂತ್ರಧಾರ ಮತ್ತು ವಿದೂಷಕರ ಸಂಭಾಷಣೆಯಿಂದ ಆರಂಭವಾಗುತ್ತಿದ್ದವು. ಮರಾಠಿ ನಾಟಕಗಳ ಪ್ರಭಾವಕ್ಕೆ ಎದುರಾಗಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದವರಲ್ಲಿ ಶಾಂತಕವಿ ಎಂಬ ಕಾವ್ಯನಾಮದ ಸಕ್ಕರಿ ಬಾಳಾಚಾರ್ಯರು ಮೊದಲಿಗರು. ಅವರು 1856ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯಲ್ಲಿ ಜನಿಸಿದರು. ಗದುಗಿನಲ್ಲಿ ಅವರು ಕಟ್ಟಿದ ಕೃತಪುರ ನಾಟಕ ಮಂಡಳಿಯು ಕನ್ನಡ ವೃತ್ತಿರಂಗಭೂಮಿಯ ಆರಂಭದ ಸಂಸ್ಥೆಗಳಲ್ಲಿ ಒಂದು. 'ಉಷಾಹರಣ' ಅವರ ಪ್ರಸಿದ್ಧ ನಾಟಕ.

ಮುಂದೆ ಕಂಪನಿ ನಾಟಕಗಳು ಬೆಳೆದಂತೆ ನಗೆಯ ಪಾತ್ರಗಳು ರಾಜನ ಪಕ್ಕದಿಂದ ಸರಿದು ಆಳುಗಳ, ಜಿಪುಣರ, ಗಂಡಹೆಂಡಿರ ಪ್ರತ್ಯೇಕ ಹಾಸ್ಯ ದೃಶ್ಯಗಳಾಗಿ ಮಾರ್ಪಟ್ಟವು. ಇದರಿಂದ ನಗೆಗೆ ಹೆಚ್ಚು ಸಮಯ ದೊರೆಯಿತಾದರೂ ರಾಜನನ್ನು ನೇರವಾಗಿ ಪ್ರಶ್ನಿಸುವ ಅವಕಾಶ ಕಡಿಮೆಯಾಯಿತು. ಗಿರೀಶ ಕಾರ್ನಾಡರು 1964ರ 'ತುಘಲಕ್' ನಾಟಕದಲ್ಲಿ ಇಂಥ ಕಂಪನಿ ನಾಟಕದ ಜೋಡಿ ನಗೆಪಾತ್ರಗಳನ್ನು ಅಜೀಜ್ ಮತ್ತು ಆಜಮ್ ಎಂಬ ಕಳ್ಳರಾಗಿ ಬಳಸಿಕೊಂಡು, ಕೊನೆಯಲ್ಲಿ ಅಜೀಜನನ್ನು ಸುಲ್ತಾನನ ಎದುರಿಗೇ ತಂದು ನಿಲ್ಲಿಸುತ್ತಾರೆ. ತಾನು ಸುಲ್ತಾನನ ನೀತಿಗಳ ನಿಜವಾದ ಅನುಯಾಯಿ ಎಂದು ಅವನು ವಾದಿಸುವಾಗ, ಆಡಳಿತದ ವೈಫಲ್ಯವು ಸುಲ್ತಾನನಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಮಾಸ್ಟರ್ ಹಿರಣ್ಣಯ್ಯನವರು (1934–2019) 'ಲಂಚಾವತಾರ' ಮೊದಲಾದ ನಾಟಕಗಳಲ್ಲಿ ಆಶುಮಾತುಗಳ ಮೂಲಕ ಅಂದಂದಿನ ರಾಜಕಾರಣವನ್ನು ಟೀಕಿಸುತ್ತಿದ್ದರು. ರಾಜನಿಲ್ಲದ ಕಾಲದಲ್ಲಿ ವಿದೂಷಕನ ಕೆಲಸವು ಮಂತ್ರಿ ಮತ್ತು ಅಧಿಕಾರಿಗಳ ಕಡೆಗೆ ತಿರುಗಿತು ಎಂಬುದಕ್ಕೆ ಇದು ನಿದರ್ಶನ.

ಬಯಲಾಟಗಳಲ್ಲಿ

ದೊಡ್ಡಾಟ: ಹಾವೇರಿ, ಧಾರವಾಡ, ಗದಗ, ಬಳ್ಳಾರಿ, ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ಪ್ರಚಲಿತವಾದ ದೊಡ್ಡಾಟದಲ್ಲಿ ಸಾರಥಿಯು ಅತ್ಯಂತ ಅಗತ್ಯವಾದ ಪಾತ್ರ. ಹೆಸರು ಸಾರಥಿಯಾದರೂ ಅವನು ರಥವನ್ನು ಓಡಿಸುವುದಿಲ್ಲ. ಆಟವನ್ನು ಮುಂದೆ ಸಾಗಿಸುತ್ತಾನೆ. ಕಿರೀಟ, ಭುಜಕೀರ್ತಿಗಳನ್ನು ಧರಿಸಿದ ರಾಜನು ಪ್ರವೇಶಿಸಿದ ಕೂಡಲೇ ಸಾರಥಿಯು ಎದುರಾಗಿ, ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನು ಪ್ರಾಸಬದ್ಧವಾದ ಪ್ರೌಢ ವಚನದಲ್ಲಿ ತನ್ನ ಬಿರುದುಬಾವಲಿಗಳನ್ನು ಹೇಳಿಕೊಳ್ಳುತ್ತಾನೆ. ಸಾರಥಿಯು ಅದನ್ನೇ ಊರಿನ ಆಡುಮಾತಿನಲ್ಲಿ ತಿರುಗಿಸಿ ಕೇಳಿ, ಕೆಲವೊಮ್ಮೆ ಬೇಕೆಂದೇ ತಪ್ಪಾಗಿ ತಿಳಿದುಕೊಂಡು ನಗೆ ಎಬ್ಬಿಸುತ್ತಾನೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ನಿದ್ದೆಗೆ ಜಾರುವವರನ್ನು ಎಚ್ಚರಗೊಳಿಸುವುದು, ವೇಷ ಸಿದ್ಧವಾಗುವುದು ತಡವಾದರೆ ಹೊತ್ತು ಕಳೆಯುವುದು, ಪಾತ್ರಧಾರಿಗೆ ಮಾತು ಮರೆತರೆ ಎತ್ತಿಕೊಡುವುದು ಕೂಡ ಅವನ ಕೆಲಸಗಳೇ.

ದೊಡ್ಡಾಟದ ಕಲಾವಿದರು ಬಹುಮಟ್ಟಿಗೆ ಒಕ್ಕಲುತನದವರು. ಸುಗ್ಗಿ ಮುಗಿದ ಬಳಿಕ ಮಾಸ್ತರರ ಕೈಕೆಳಗೆ ತಾಲೀಮು ನಡೆಸಿ ಆಟವನ್ನು ಕಲಿಯುತ್ತಾರೆ. ಇತರ ಪಾತ್ರಗಳ ಮಾತುಗಳು ಬರೆದಿಟ್ಟ ಪ್ರಸಂಗದಲ್ಲಿರುತ್ತವೆ. ಸಾರಥಿಯ ಮಾತಿನ ಬಹುಭಾಗ ಮಾತ್ರ ಸ್ಥಳದಲ್ಲಿಯೇ ಹುಟ್ಟುವಂಥದು. ಆದುದರಿಂದ ಇಡೀ ಕಥೆಯನ್ನು ಬಲ್ಲವನೂ ಊರಿನ ಆಗುಹೋಗುಗಳನ್ನು ಅರಿತವನೂ ಆದ ಅನುಭವಿಯೇ ಈ ಪಾತ್ರಕ್ಕೆ ಒಪ್ಪುತ್ತಾನೆ. ಬರಹದಲ್ಲಿ ದಾಖಲಾಗದಿರುವುದರಿಂದ ಒಬ್ಬ ಒಳ್ಳೆಯ ಸಾರಥಿ ತೀರಿಕೊಂಡರೆ ಅವನ ಮಾತೂ ಅವನೊಡನೆ ಹೋಗುತ್ತದೆ. ಪ್ರಸಂಗದ ಪುಸ್ತಕವನ್ನು ಮುದ್ರಿಸಿದ ಮಾತ್ರಕ್ಕೆ ಈ ಭಾಗ ಉಳಿಯುವುದಿಲ್ಲ. ಅದಕ್ಕೆ ಪ್ರದರ್ಶನದ ಧ್ವನಿ ಮತ್ತು ದೃಶ್ಯ ಮುದ್ರಣವೇ ಬೇಕು.

ಮೂಡಲಪಾಯ: ದಕ್ಷಿಣದ ಬಯಲುಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಇದೇ ಸ್ಥಾನದಲ್ಲಿ ಹನುಮನಾಯಕನಿದ್ದಾನೆ. ಆಸ್ಥಾನದ ಸೇವಕನೂ ಬಾಗಿಲು ಕಾಯುವವನೂ ನಗಿಸುವವನೂ ಆಗಿ ಅವನು ಕಥೆಯ ಉದ್ದಕ್ಕೂ ಕಾಣಿಸಿಕೊಳ್ಳುತ್ತಾನೆ.

ಕರಾವಳಿ ಯಕ್ಷಗಾನ: ಇಲ್ಲಿ ಪೂರ್ವರಂಗದಲ್ಲಿ ಕೋಡಂಗಿ ವೇಷಗಳು ಕುಣಿಯುತ್ತವೆ. ಪ್ರಸಂಗದೊಳಗೆ ದೂತ, ಬಾಗಿಲವ, ಪುರೋಹಿತ ಮುಂತಾದ ಪಾತ್ರಗಳನ್ನು ಹಾಸ್ಯಗಾರನು ನಿರ್ವಹಿಸುತ್ತಾನೆ. ಕುಂಜಾಲು ರಾಮಕೃಷ್ಣ, ವಿಟ್ಲ ಗೋಪಾಲಕೃಷ್ಣ ಜೋಶಿ, ಪೆರುವೋಡಿ ನಾರಾಯಣ ಭಟ್ಟ, ಮಿಜಾರು ಅಣ್ಣಪ್ಪ ಮೊದಲಾದವರು ಈ ವಿಭಾಗದಲ್ಲಿ ಹೆಸರು ಮಾಡಿದವರು. ನಳದಮಯಂತಿ ಪ್ರಸಂಗದ ಬಾಹುಕನು ಹಾಸ್ಯಗಾರರ ಪ್ರಸಿದ್ಧ ಪಾತ್ರಗಳಲ್ಲಿ ಒಂದು. ರಾಜ್ಯವನ್ನು ಕಳೆದುಕೊಂಡು ವಿಕಾರರೂಪ ತಾಳಿದ ನಳನು ಋತುಪರ್ಣನ ಆಸ್ಥಾನದಲ್ಲಿ ಸಾರಥಿಯಾಗಿ ಸೇರಿಕೊಳ್ಳುವ ಈ ಕಥೆಯಲ್ಲಿ ರಾಜನೇ ನಗೆಗೀಡಾದ ಸೇವಕನ ವೇಷದಲ್ಲಿರುತ್ತಾನೆ. ನೋಡುವವರು ನಗುತ್ತಿರುವಾಗಲೇ ಅವನ ದುಃಖವನ್ನೂ ತೋರಿಸಬೇಕಾದುದರಿಂದ ಇದು ಕಷ್ಟದ ಪಾತ್ರವೆನಿಸಿದೆ.

ಹಾನಗಲ್ಲು ಮತ್ತು ವಿರಾಟನ ಆಸ್ಥಾನ

ಹಾವೇರಿ ಜಿಲ್ಲೆಯ ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲು ಎಂದು ಕರೆಯಲ್ಪಟ್ಟಿದೆ. ಇದು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಹಾನಗಲ್ಲಿನ ಕದಂಬರ ರಾಜಧಾನಿಯಾಗಿತ್ತು. ವಿರಾಟನಗರಿ, ವಿರಾಟನ ಕೋಟೆ ಎಂಬ ಹೆಸರುಗಳೂ ಈ ಊರಿಗಿವೆ. ಪಾಂಡವರು ಅಜ್ಞಾತವಾಸವನ್ನು ಕಳೆದ ಮತ್ಸ್ಯರಾಜ ವಿರಾಟನ ನಗರ ಇದೇ ಎಂಬುದು ಸ್ಥಳೀಯರ ನಂಬಿಕೆ.

ಮಹಾಭಾರತದ ವಿರಾಟಪರ್ವವು ಆಸ್ಥಾನದಲ್ಲಿ ನಿಜ ನುಡಿಯುವವನ ಅಪಾಯವನ್ನು ಸ್ಪಷ್ಟವಾಗಿ ತೋರಿಸುವ ಕಥೆಯೂ ಹೌದು. ವೇಷ ಮರೆಸಿಕೊಂಡ ಧರ್ಮರಾಯನು ಕಂಕ ಎಂಬ ಹೆಸರಿನಲ್ಲಿ ವಿರಾಟನ ಜೊತೆ ಪಗಡೆಯಾಡುವ ಸಭಾಸದನಾಗಿರುತ್ತಾನೆ. ರಾಜನ ಹತ್ತಿರ ಕುಳಿತು ಅವನ ಬೇಸರ ಕಳೆಯುವ ಈ ಉದ್ಯೋಗವು ವಿದೂಷಕನ ಉದ್ಯೋಗಕ್ಕೆ ಸಮೀಪವಾದದ್ದು. ಗೋಗ್ರಹಣದ ಯುದ್ಧದಲ್ಲಿ ಮಗ ಉತ್ತರನು ಕೌರವರನ್ನು ಗೆದ್ದನೆಂದು ವಿರಾಟನು ಹಿಗ್ಗುತ್ತಿರುವಾಗ, ಬೃಹನ್ನಳೆ ಸಾರಥಿಯಾಗಿರುವಾಗ ಗೆಲುವು ಬರುವುದು ಸಹಜವೆಂದು ಕಂಕನು ಹೇಳುತ್ತಾನೆ. ಸಿಟ್ಟಿಗೆದ್ದ ರಾಜನು ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಮೂಗಿನಿಂದ ಸುರಿದ ರಕ್ತವು ನೆಲಕ್ಕೆ ಬೀಳದಂತೆ ಸೈರಂಧ್ರಿಯು ಪಾತ್ರೆಯಲ್ಲಿ ಹಿಡಿಯುತ್ತಾಳೆ. ಕಂಕನು ಹೇಳಿದ್ದೇ ನಿಜವೆಂದು ಅನಂತರ ಗೊತ್ತಾಗುತ್ತದೆ.

ಈ ಕಥೆಯಲ್ಲಿ ನಗೆಯನ್ನು ಹುಟ್ಟಿಸುವವನು ಕಂಕನಲ್ಲ, ಉತ್ತರಕುಮಾರ. ಅಂತಃಪುರದಲ್ಲಿ ಶೌರ್ಯವನ್ನು ಕೊಚ್ಚಿಕೊಂಡು ರಣರಂಗದಲ್ಲಿ ರಥದಿಂದ ಧುಮುಕಿ ಓಡುವ ಅವನ ಚಿತ್ರವು ಕುಮಾರವ್ಯಾಸನ ಭಾರತದಿಂದಲೂ ಬಯಲಾಟಗಳಿಂದಲೂ ಕನ್ನಡಿಗರಿಗೆ ಚಿರಪರಿಚಿತವಾಗಿದ್ದು, 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯಾಗಿ ಉಳಿದಿದೆ. ನಗೆಯ ಹೊದಿಕೆಯಿಲ್ಲದೆ ನಿಜ ನುಡಿದ ಕಂಕನಿಗೆ ಪೆಟ್ಟು ಬಿತ್ತು. ಅಂಥದೇ ಮಾತನ್ನು ದೊಡ್ಡಾಟದ ಸಾರಥಿ ಆಡಿದರೆ ರಾಜನೂ ನಗಬೇಕಾಗುತ್ತದೆ. ವಿದೂಷಕನ ವೇಷ ಏಕೆ ಬೇಕಾಯಿತು ಎಂಬುದನ್ನು ಈ ವ್ಯತ್ಯಾಸ ಮನಗಾಣಿಸುತ್ತದೆ.

ಜಾನಪದ ಕಲೆಗಳ ಅಧ್ಯಯನಕ್ಕಾಗಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ.

ತೆನಾಲಿ ರಾಮಕೃಷ್ಣ: ಆಸ್ಥಾನದಿಂದ ಕಿರುತೆರೆಗೆ

ಕರ್ನಾಟಕದಲ್ಲಿ ಆಸ್ಥಾನ ವಿದೂಷಕ ಎಂದೊಡನೆ ನೆನಪಿಗೆ ಬರುವ ಹೆಸರು ತೆನಾಲಿ ರಾಮಕೃಷ್ಣನದು. ಪರಂಪರೆಯ ಪ್ರಕಾರ ಅವನು ವಿಜಯನಗರದ ಕೃಷ್ಣದೇವರಾಯನ (ಆಳ್ವಿಕೆ 1509–1529) ಆಸ್ಥಾನದ ಅಷ್ಟದಿಗ್ಗಜರಲ್ಲಿ ಒಬ್ಬ. ಇತಿಹಾಸದ ರಾಮಕೃಷ್ಣನು 'ಪಾಂಡುರಂಗ ಮಾಹಾತ್ಮ್ಯಮು' ಮೊದಲಾದ ತೆಲುಗು ಕಾವ್ಯಗಳನ್ನು ಬರೆದ ಗಂಭೀರ ಕವಿ. ಜನರ ನೆನಪಿನಲ್ಲಿ ಉಳಿದಿರುವವನು ಕಥೆಗಳ ರಾಮಕೃಷ್ಣ. ಕಾಳಿಯು ವಿದ್ಯೆ ಮತ್ತು ಐಶ್ವರ್ಯದ ಎರಡು ಬಟ್ಟಲುಗಳಲ್ಲಿ ಒಂದನ್ನು ಆರಿಸಿಕೊಳ್ಳೆಂದಾಗ ಎರಡನ್ನೂ ಕುಡಿದು ವಿಕಟಕವಿಯಾಗುವ ವರಶಾಪವನ್ನು ಪಡೆದವನು, ಕಳ್ಳರಿಂದಲೇ ತನ್ನ ತೋಟಕ್ಕೆ ನೀರು ಹಾಯಿಸಿಕೊಂಡವನು, ಹಾಲನ್ನು ಕಂಡರೆ ಓಡುವ ಬೆಕ್ಕನ್ನು ಆಸ್ಥಾನಕ್ಕೆ ತಂದವನು ಅವನೇ.

ಚಲನಚಿತ್ರಗಳಲ್ಲಿ ಈ ಪಾತ್ರ ಹಲವು ಬಾರಿ ಬಂದಿದೆ. ಬಿ. ಎಸ್. ರಂಗಾ ಅವರು 1956ರಲ್ಲಿ ಇದೇ ಕಥೆಯನ್ನು ತೆಲುಗು ಮತ್ತು ತಮಿಳಿನಲ್ಲಿ ನಿರ್ದೇಶಿಸಿದರು. 1982ರಲ್ಲಿ ಅವರೇ ಕನ್ನಡದಲ್ಲಿ 'ಹಾಸ್ಯರತ್ನ ರಾಮಕೃಷ್ಣ' ಚಿತ್ರವನ್ನು ಮಾಡಿದರು. ಅನಂತನಾಗ್ ಅದರಲ್ಲಿ ರಾಮಕೃಷ್ಣನಾಗಿ ನಟಿಸಿದರು. ಬಿ. ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ' (1970) ಚಿತ್ರದಲ್ಲಿ ರಾಜ್‌ಕುಮಾರ್ ಅರಸನಾಗಿಯೂ ನರಸಿಂಹರಾಜು ತೆನಾಲಿ ರಾಮಕೃಷ್ಣನಾಗಿಯೂ ಕಾಣಿಸಿಕೊಂಡರು. ನರಸಿಂಹರಾಜು ಅವರು ಕಂಪನಿ ನಾಟಕಗಳಲ್ಲಿ ಪಳಗಿ ಚಿತ್ರರಂಗಕ್ಕೆ ಬಂದ ನಟರು.

ಕಿರುತೆರೆಯಲ್ಲಿ ಈ ಪಾತ್ರವನ್ನು ದೇಶದಾದ್ಯಂತ ಮನೆಮಾತಾಗಿಸಿದ್ದು ಕನ್ನಡದ ನಿರ್ದೇಶಕ ಟಿ. ಎಸ್. ನಾಗಾಭರಣ ಅವರ 'ತೆನಾಲಿ ರಾಮ' ಎಂಬ ಹಿಂದಿ ಧಾರಾವಾಹಿ. 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಇದು ಕಮಲಾ ಲಕ್ಷ್ಮಣ್ ಅವರ ಕಥೆಗಳನ್ನು ಆಧರಿಸಿತ್ತು. ವಿಜಯ್ ಕಶ್ಯಪ್ ರಾಮನ ಪಾತ್ರವನ್ನು ವಹಿಸಿದ್ದರು. ನಾಗಾಭರಣ ಅವರು ಬೆಂಗಳೂರಿನ 'ಬೆನಕ' ತಂಡದ ಮೂಲಕ ರಂಗಭೂಮಿಯಲ್ಲಿ ತೊಡಗಿಸಿಕೊಂಡವರು.

ರಂಗದಿಂದ ತೆರೆಗೆ ಬಂದಾಗ ವಿದೂಷಕನು ಒಂದು ಅನುಕೂಲವನ್ನು ಪಡೆದು ಇನ್ನೊಂದನ್ನು ಕಳೆದುಕೊಳ್ಳುತ್ತಾನೆ. ಹುಬ್ಬೇರಿಸುವಿಕೆ, ಓರೆನೋಟಗಳಂಥ ಸಣ್ಣ ಭಾವಗಳು ಕ್ಯಾಮೆರಾದಲ್ಲಿ ಹತ್ತಿರದಿಂದ ಕಾಣುತ್ತವೆ. ಆದರೆ ಎದುರಿಗಿರುವ ಜನರ ನಗೆಯನ್ನು ಅಳೆದು ಮಾತನ್ನು ಬೆಳೆಸುವ ಅಥವಾ ಮೊಟಕುಗೊಳಿಸುವ ಸ್ವಾತಂತ್ರ್ಯ ಅಲ್ಲಿ ಇರುವುದಿಲ್ಲ.

ರಷ್ಯಾದ ಬಲಾಕಿರೆವ್

ಆಸ್ಥಾನ ವಿದೂಷಕನನ್ನು ಕುರಿತ ನಾಟಕವು ರಂಗದ ಮೇಲೆ ಯಶಸ್ವಿಯಾಗಿ ಬಳಿಕ ಕಿರುತೆರೆಗೆ ಬಂದ ಒಂದು ಪ್ರಸಿದ್ಧ ಉದಾಹರಣೆ ರಷ್ಯಾದ 'ವಿದೂಷಕ ಬಲಾಕಿರೆವ್'. ಗ್ರಿಗೋರಿ ಗೋರಿನ್ (1940–2000) ಬರೆದ ಈ ನಾಟಕವನ್ನು ಮಾಸ್ಕೋದ ಲೆನ್‌ಕೊಮ್ ರಂಗಮಂದಿರದಲ್ಲಿ ಮಾರ್ಕ್ ಜಖಾರೊವ್ 2001ರಲ್ಲಿ ರಂಗಕ್ಕೆ ತಂದರು. ಆ ಹೊತ್ತಿಗೆ ನಾಟಕಕಾರ ಗೋರಿನ್ ತೀರಿಕೊಂಡಿದ್ದರು. ಒಲೆಗ್ ಯಾಂಕೊವ್ಸ್ಕಿ ಪೀಟರ್ ಚಕ್ರವರ್ತಿಯ ಪಾತ್ರವನ್ನು ವಹಿಸಿದ್ದರು. ಈ ಪ್ರಯೋಗದ ಟೆಲಿವಿಷನ್ ರೂಪವು ರಂಗಮಂದಿರದ ಆಚೆಯ ಪ್ರೇಕ್ಷಕರನ್ನೂ ತಲುಪಿತು.

ಇವಾನ್ ಬಲಾಕಿರೆವ್ ಚಾರಿತ್ರಿಕ ವ್ಯಕ್ತಿ. ಅವನು ಮೊದಲನೆಯ ಪೀಟರ್ ಮತ್ತು ಅನಂತರ ಅನ್ನಾ ಇವಾನೊವ್ನಾ ರಾಣಿಯ ಆಸ್ಥಾನಗಳಲ್ಲಿದ್ದನು. ಪೀಟರನ ಪತ್ನಿ ಕ್ಯಾಥರೀನಳಿಗೆ ಆಪ್ತನಾಗಿದ್ದ ವಿಲ್ಲೆಮ್ ಮೋನ್ಸ್ ಎಂಬವನಿಗೆ 1724ರಲ್ಲಿ ಮರಣದಂಡನೆಯಾದಾಗ, ಅದೇ ಪ್ರಕರಣದಲ್ಲಿ ಬಲಾಕಿರೆವ್‌ಗೂ ಬೆತ್ತದ ಏಟು ಮತ್ತು ಗಡೀಪಾರಿನ ಶಿಕ್ಷೆಯಾಯಿತು. ಮರುವರ್ಷ ಪೀಟರ್ ತೀರಿಕೊಂಡ ಬಳಿಕ ಅವನು ಹಿಂದಿರುಗಿದನು. ಅವನ ಹೆಸರಿನಲ್ಲಿ ಹುಟ್ಟಿಕೊಂಡ ನಗೆಕಥೆಗಳ ಸಂಗ್ರಹಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಜನಪ್ರಿಯವಾಗಿದ್ದವು. ಇತಿಹಾಸದ ವ್ಯಕ್ತಿಯೊಬ್ಬನು ಕಥೆಗಳ ನಾಯಕನಾಗಿ, ಅಲ್ಲಿಂದ ದೃಶ್ಯಮಾಧ್ಯಮಕ್ಕೆ ಬಂದ ಈ ದಾರಿಯು ತೆನಾಲಿ ರಾಮಕೃಷ್ಣನ ದಾರಿಯನ್ನು ಹೋಲುತ್ತದೆ. ಕಥೆಗಳ ರಾಮಕೃಷ್ಣನು ರಾಜನ ಕೋಪದಿಂದ ಪ್ರತಿ ಬಾರಿಯೂ ಉಪಾಯದಿಂದ ಪಾರಾಗುತ್ತಾನೆ. ಚರಿತ್ರೆಯ ಬಲಾಕಿರೆವ್ ಪಾರಾಗಲಿಲ್ಲ.

ಸಲಿಗೆ ಮತ್ತು ಮಿತಿ

ವಿದೂಷಕನ ಸಲಿಗೆಯು ರಾಜನು ಕೊಟ್ಟದ್ದು, ಆದುದರಿಂದ ಅವನು ಹಿಂತೆಗೆದುಕೊಳ್ಳಬಹುದಾದದ್ದು. ಕಂಕನ ಮುಖಕ್ಕೆ ಬಿದ್ದ ದಾಳ ಮತ್ತು ಬಲಾಕಿರೆವ್‌ಗೆ ಬಿದ್ದ ಏಟುಗಳು ಈ ಮಿತಿಯನ್ನು ತೋರಿಸುತ್ತವೆ. ಆ ಸಲಿಗೆಯು ರಾಜನಿಗೂ ಪ್ರಯೋಜನಕರ ಎಂಬುದನ್ನು ನಾಟಕಕಾರರು ಬೇರೆ ಬೇರೆ ರೀತಿಯಲ್ಲಿ ತೋರಿಸಿದ್ದಾರೆ. ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕದಲ್ಲಿ ಮಕ್ಕಳಿಗೆ ರಾಜ್ಯವನ್ನು ಹಂಚಿದ ಅರಸನ ತಪ್ಪನ್ನು ಅವನ ಮುಖಕ್ಕೆ ಹಿಡಿಯುವ ವಿದೂಷಕನು ಮೂರನೆಯ ಅಂಕದ ಬಳಿಕ ಕಾಣಿಸಿಕೊಳ್ಳುವುದಿಲ್ಲ. ಈ ನಾಟಕವನ್ನು ಎಂ. ಎಸ್. ಪುಟ್ಟಣ್ಣನವರು 'ಹೇಮಚಂದ್ರರಾಜ ವಿಲಾಸ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ರೂಪಾಂತರಿಸಿದ್ದಾರೆ. ಶಾಕುಂತಲದಲ್ಲಿ ರಾಜನ ಅತಿದೊಡ್ಡ ತಪ್ಪು ನಡೆಯುವುದು ವಿದೂಷಕನು ಸಭೆಯಲ್ಲಿಲ್ಲದ ಹೊತ್ತಿನಲ್ಲಿ.

ದೊಡ್ಡಾಟದ ಸಾರಥಿಗೆ ಇಂಥ ಅಪಾಯವಿಲ್ಲ. ಅವನೆದುರಿನ ರಾಜನು ಹಗಲಿನಲ್ಲಿ ಅವನೊಡನೆ ಹೊಲದಲ್ಲಿ ದುಡಿಯುವ ನೆರೆಯವನೇ ಆಗಿರಬಹುದು. ಕಿರೀಟ ಧರಿಸಿದವನನ್ನು ನಿಲ್ಲಿಸಿ, ನೀನು ಯಾರು, ಏಕೆ ಬಂದೆ ಎಂದು ಊರ ಜನರೆದುರು ಕೇಳುವ ಹಕ್ಕನ್ನು ಆಟದ ಕಟ್ಟಳೆಯೇ ಅವನಿಗೆ ನೀಡಿದೆ. ಎಂಥ ರಾಜನಾದರೂ ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಕಥೆ ಮುಂದುವರಿಯುತ್ತದೆ.